ಫೈರ್‌ಮನ್ ಕಡೆಯ ಇಂಜಿನ್

ನಮ್ಮ ಭಾವ ಕಾಟಲಿಂಗಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರು. ಅಕ್ಕ ಮರುಳಸಿದ್ದಮ್ಮನ ಗಂಡ ಅಂತ ಹೊಗಳಲಾರೆ. ಮಾತು ಕಡಿಮೆ, ಎಲೆಅಡಿಕೆ ಜಾಸ್ತಿ, ಹಬ್ಬಕ್ಕೆ ಕರೆದರೆ ಊಟಕ್ಕೆ ಸರಿಯಾಗಿ ಬಂದು ಕೈ ತೊಳೆದ ಕೂಡಲೇ ಹೊರಡುವ ಮನುಷ್ಯ. ಅವರನ್ನು ಮಾತಾಡಿಸಬೇಕೆಂದರೆ ಒಂದೇ ಉಪಾಯ, ಅವರ ಇಂಜಿನ್ನಿನ ಸುದ್ದಿ ತೆಗೆಯುವುದು.

ಅದೊಂದು ಟ್ಯಾಂಕ್ ಇಂಜಿನ್. ಮೇಲ್ ಗಾಡಿ ಎಳೆಯುವ ದೊಡ್ಡ ಇಂಜಿನ್‌ಗಳಿಗೆ ಕಲ್ಲಿದ್ದಲು, ನೀರು ಹೊರುವ ಬೇರೆ ಬಂಡಿ ಹಿಂದೆ ಇರುತ್ತದೆ. ಇದಕ್ಕೆ ಅದಿಲ್ಲ. ನೀರಿನ ತೊಟ್ಟಿ ಎರಡೂ ಪಕ್ಕಕ್ಕೆ, ಕಲ್ಲಿದ್ದಲು ಬೆನ್ನಿಗೆ. ಅದಿರು ತುಂಬಿದ ಡಬ್ಬಿಗಳನ್ನು ಯಾರ್ಡಿನೊಳಗೆ ಹಿಂದಕ್ಕೂ ಮುಂದಕ್ಕೂ ತಳ್ಳಿಕೊಂಡಿರುವುದೇ ಅದರ ಬಾಳು. ಚಿತ್ರದುರ್ಗದ ಕೋಟೆಯನ್ನೂ ಅದು ಕಂಡಿರಲಿಲ್ಲ ಎಂದು ನಾನು ರೇಗಿಸುತ್ತಿದ್ದೆ. ಭಾವ ನಗುತ್ತಿರಲಿಲ್ಲ.

ಆ ಇಂಜಿನ್ನಿನ ಡ್ರೈವರ್ ತಾಳ್ಯದ ಶಿವಕುಮಾರಪ್ಪ. ಒಳ್ಳೆಯ ಕೆಲಸಗಾರ, ಕೆಟ್ಟ ಬಾಯಿ. ಇಂಜಿನ್ನಿನ ಒಳಗೆ ಅರ್ಧ ಜಾಗ ಡ್ರೈವರಿನದು, ಅರ್ಧ ಫೈರ್‌ಮನ್‌ನದು. ಭಾವ ತಮ್ಮ ಅರ್ಧ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ, "ಲೇ, ನಿನ್ನ ಬೆಂಕಿ ನೋಡ್ಕಳಪ್ಪ" ಎಂಬ ಮಾತು ಸಿದ್ಧ. ಆ ಕಡೆಗೆ ಎಣ್ಣೆ ಹಾಕುವುದೂ ಡ್ರೈವರೇ, ಒರೆಸುವುದೂ ಡ್ರೈವರೇ. ಭಾವನಿಗೆ ಡ್ರೈವರ್ ಆಗುವ ಆಸೆ ಬೆಟ್ಟದಷ್ಟಿತ್ತು. ಶಿವಕುಮಾರಪ್ಪ ಮೇಲಿನವರಿಗೆ ಒಂದು ಒಳ್ಳೆಯ ಮಾತು ಹೇಳಿದ್ದರೆ ಪರೀಕ್ಷೆಗೆ ಕಳಿಸುತ್ತಿದ್ದರು. ಕೇಳಿದಾಗೆಲ್ಲ ಸಿಕ್ಕಿದ್ದು ಒಂದೇ ಉತ್ತರ: "ಇನ್ನೂ ಕಲೀಬೇಕು ನೀನು." ಅಕ್ಕ ಉಪವಾಸ ಮಾಡಿದಳು, ಹರಕೆ ಹೊತ್ತಳು. ಭಾವ ಕಲಿಯುತ್ತಲೇ ಉಳಿದರು.

ಎಪ್ಪತ್ತನಾಲ್ಕರಲ್ಲಿ ಶಿವಕುಮಾರಪ್ಪ ನಿವೃತ್ತರಾದರು. ಅದೇ ವರ್ಷ ಇಂಜಿನ್ನನ್ನೂ ಗುಜರಿಗೆ ಹಾಕಿ ಗ್ಯಾಸಿನಲ್ಲಿ ಕತ್ತರಿಸಿದರು. ಭಾವನನ್ನು ಶೆಡ್ಡಿನ ಕೆಲಸಕ್ಕೆ ಹಚ್ಚಿದರು. ಕೆಲವು ದಿನ ಮಂಕು ಬಡಿದವರಂತಿದ್ದು, ಆಮೇಲೆ ಹೊಳಲ್ಕೆರೆಯ ನನ್ನ ತಗಡು ಕೆಲಸದ ಅಂಗಡಿಗೆ ಬಂದು ಎಣ್ಣೆ ಡಬ್ಬದ ಚೂರು, ಹಿತ್ತಾಳೆ ಕೊಳಾಯಿಯ ತುಂಡು ಆರಿಸಿಕೊಂಡು ಹೋಗತೊಡಗಿದರು. ಏನಕ್ಕೆ ಅಂದರೆ ಬಾಯಿಬಿಡಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಅಕ್ಕನ ಮನೆಯ ಗೂಡಿನಲ್ಲಿ ಮೊಳದುದ್ದದ ಟ್ಯಾಂಕ್ ಇಂಜಿನ್ ನಿಂತಿತ್ತು. ತೊಟ್ಟಿಯ ರಿವೆಟ್ಟು, ಮೆಟ್ಟಿಲು, ಸಲಿಕೆ ತಗುಲಿ ತಗುಲಿ ಆಗಿದ್ದ ತಗ್ಗು ಕೂಡ ಇತ್ತು. ನಿಜ ಹೇಳುತ್ತೇನೆ, ನನ್ನ ಕೈಲಿ ಆಗದ ಕೆಲಸ ಅದು.

"ಯಜಮಾನ್ರಿಗೆ ತೋರಿಸ್ಬೇಕು. ತಾಳ್ಯಕ್ಕೆ ಹೋಗಾಣ ಬಾ," ಅಂದರು.

ಅವರಿಗೆ ಬೇಕಾಗಿದ್ದುದು ಶಿವಕುಮಾರಪ್ಪನ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತು. ಬಸ್ಸಿನಲ್ಲಿ ಇಂಜಿನ್ನನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದವರ ಮೊಣಕೈ ತಾಗದ ಹಾಗೆ ದಾರಿಯುದ್ದಕ್ಕೂ ಕಾದರು. ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು.

ಶಿವಕುಮಾರಪ್ಪ ಜಗಲಿಯ ಮೇಲಿದ್ದರು. "ಬರ್ರಿ, ಕುಂತ್ಕಳ್ರಿ," ಎಂದು ಅವರ ಹೆಂಡತಿ ಏಕಾಂತಮ್ಮ ಚಾಪೆ ಹಾಸಿದರು. ಭಾವ ಪಂಚೆ ಬಿಚ್ಚಿ ಇಂಜಿನ್ನನ್ನು ಮುಂದಿಟ್ಟರು. ಶಿವಕುಮಾರಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ತಗ್ಗಿನ ಮೇಲೆ ಬೆರಳಾಡಿಸಿದರು. ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ತಿರುಗಿಸಿದರು. ಅಲ್ಲಿಗೆ ಅವರ ಕೈ ನಿಂತಿತು.

"ಇದೇನಪ್ಪ, ಎರಡೂ ಕಡೆ ನಿಂದೇ ಐತೆ?"

ಆ ಮಗ್ಗುಲಲ್ಲೂ ಅದೇ ಮೆಟ್ಟಿಲು, ಅದೇ ಪೈಪು, ಸಲಿಕೆಯ ಅದೇ ತಗ್ಗು. ಡ್ರೈವರಿನ ಹಿಡಿಕೆಯಿಂದ ಗಾಲಿಗಳ ಕಡೆಗೆ ಹೋಗುವ ಉದ್ದನೆಯ ಕಂಬಿ ಇರಲೇ ಇಲ್ಲ. ಇಂಜಿನ್ ಹಿಂದಕ್ಕೆ ಬರಬೇಕಾದರೆ ಆ ಕಂಬಿ ಬೇಕು. ಯಾರ್ಡಿನಲ್ಲಿ ಹಿಂದೆ ಮುಂದೆ ಓಡಾಡಿಕೊಂಡಿದ್ದ ಇಂಜಿನ್ನನ್ನು ಭಾವ ಮುಂದಕ್ಕೆ ಮಾತ್ರ ಹೋಗುವಂತೆ ಮಾಡಿಟ್ಟಿದ್ದರು. ಆ ಮಗ್ಗುಲನ್ನು ಅವರು ನೋಡಿರಲಿಲ್ಲ ಎಂದಲ್ಲ. ಕೈಗೆ ಗೊತ್ತಿದ್ದುದನ್ನು ಮಾಡಿದ್ದರು, ಆ ಕಡೆಯದು ಅವರ ಕೈಗೆ ಗೊತ್ತೇ ಇರಲಿಲ್ಲ.

ಭಾವನ ಮುಖ ಸಣ್ಣದಾಯಿತು. "ನೀವು ಆ ಕಡೆ ಬಿಡ್ತಾನೇ ಇರ್ಲಿಲ್ಲಲ್ರಿ," ಅಂದರು, ದೂರಿದಂತಲ್ಲ, ಸಬೂಬು ಹೇಳಿದಂತೆ.

ಶಿವಕುಮಾರಪ್ಪ ಎದ್ದು ಒಳಗೆ ಹೋದರು. ಹಳೆಯ ಕೊಡೆಯೊಂದರ ಕಡ್ಡಿ ಮುರಿದು ತಂದು, ಇಕ್ಕಳದಲ್ಲಿ ಬಗ್ಗಿಸಿ, ಇಂಜಿನ್ನಿನ ಪಕ್ಕಕ್ಕೆ ಕೂರಿಸತೊಡಗಿದರು. ಭಾವ ಬಗ್ಗಿ ಇಂಜಿನ್ನನ್ನು ಅಲುಗದಂತೆ ಹಿಡಿದುಕೊಂಡರು. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರವಿದ್ದವು.

"ನಿನ್ನ ಬೆಂಕಿ ಒಂದು ದಿನಾನೂ ಕೈ ಕೊಟ್ಟಿದ್ದಿಲ್ಲ ಕಣೋ," ಎಂದರು ಶಿವಕುಮಾರಪ್ಪ. "ನಾನು ಕೇಳೋಕೆ ಮುಂಚೇನೇ ಹಬೆ ರೆಡಿ ಇರ್ತಿತ್ತು. ಅಂಥ ಕೈ ನಾನು ಇನ್ನೊಬ್ಬರದು ನೋಡಿಲ್ಲ."

ಕಾಫಿ ಲೋಟ ಹಿಡಿದು ನಿಂತಿದ್ದ ಏಕಾಂತಮ್ಮ ಕೇಳಿಯೇಬಿಟ್ಟರು. "ಅಲ್ಲ, ಆವಾಗ್ಲೇ ಹೇಳಾಕೆ ಏನಾಗಿತ್ತು ನಿಮಗೆ?"

ಶಿವಕುಮಾರಪ್ಪ ತಲೆ ಎತ್ತಲಿಲ್ಲ. "ಹೇಳಿದ್ರೆ ಡ್ರೈವರ್ ಆಗಿ ಹೋಗಿಬಿಡ್ತಿದ್ದ. ಇಂಥ ಫೈರ್‌ಮನ್ ನನಗೆ ಎಲ್ಲಿ ಸಿಗ್ತಿದ್ದ."

ನನ್ನ ಮೈ ಉರಿದುಹೋಯಿತು. ಒಬ್ಬ ಮನುಷ್ಯನ ಅರ್ಧ ಆಯಸ್ಸನ್ನು ತನ್ನ ಅನುಕೂಲಕ್ಕೆ ಕಟ್ಟಿಹಾಕಿಕೊಂಡು, ಈಗ ಕೊಡೆಕಡ್ಡಿ ಕೂರಿಸುತ್ತಾ ಹೇಳುವ ಮಾತೇ ಇದು? ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ, ಅಷ್ಟರಲ್ಲಿ ಭಾವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು.

"ಹೇಳಿದ್ರೂ ನಾನು ಹೋಗ್ತಿರ್ಲಿಲ್ಲ ಬಿಡ್ರಿ ಯಜಮಾನ್ರೆ," ಎಂದರು. "ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅದು ಶುದ್ಧ ಸುಳ್ಳು. ನಮ್ಮ ಭಾವ ಸುಳ್ಳು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಶಿವಕುಮಾರಪ್ಪನವರೂ ಅದನ್ನು ನಂಬಲಿಲ್ಲ. ಇಕ್ಕಳ ಕೆಳಗಿಟ್ಟರು, ಕಣ್ಣೊರೆಸಿಕೊಳ್ಳುವುದಕ್ಕೆ ಏಕಾಂತಮ್ಮನೇ ಸೆರಗು ಕೊಡಬೇಕಾಯಿತು.