ಮುಂದೆ ಗೆರೆ, ಹಿಂದೆ ಹಲ್ಲು

ಯಾರಾದರೂ ಹೊಸ ಬೈಕು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರೆ ನಾನು ಅದರ ಬಣ್ಣ ನೋಡುವುದಿಲ್ಲ, ಎಷ್ಟು ಓಡುತ್ತದೆ ಎಂದೂ ಕೇಳುವುದಿಲ್ಲ. ಬಗ್ಗಿ ಟೈರು ನೋಡುತ್ತೇನೆ. ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ಸಂದು ಎಷ್ಟಿದೆ ಎಂದು ನೋಡುತ್ತೇನೆ. ಮನೆಯವರು ಇದನ್ನು ಮುದುಕನ ಹುಚ್ಚು ಎನ್ನುತ್ತಾರೆ. ಅನ್ನಲಿ, ಅವರೇನು ಎರಿ ಹೊಲದ ಕಪ್ಪು ಕೆಸರಿನಲ್ಲಿ ಫಟ್‌ಫಟಿ ನೂಕಿದವರೇ?

ಕಾಲುವೆ ನೀರು ನಮ್ಮ ಸೀಮೆಗೆ ಬಂದು ಕೆಲವು ವರ್ಷ ಕಳೆದಿದ್ದವು. ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಪಂಪು ರಿಪೇರಿಯ ಫಿಟ್ಟರ್ ಆಗಿದ್ದೆ. ಅಪ್ಪ ತೀರಿಕೊಂಡಿದ್ದ. ಲಿಂಗಸುಗೂರಿನ ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಗಣಿಯವರು ಕೊಡುವ ಕ್ವಾರ್ಟರ್ಸಿಗೆ ಹೋಗೋಣ ಬಾ ಎಂದರೆ ಅವ್ವ, "ಅಲ್ಲಿ ನೀರಿಗಿ ನಿಂತ್ರ ಮಾತಾಡಾಕ ಯಾರದಾರ?" ಎಂದು ಕುಂತಲ್ಲಿಂದ ಏಳಲಿಲ್ಲ. ಹಾಗಾಗಿ ಒಂದು ಹಳೆಯ ಫಟ್‌ಫಟಿ ಕೊಂಡು ದಿನಾ ಹಟ್ಟಿಗೆ ಹೋಗಿ ಬರುತ್ತಿದ್ದೆ.

ಅಕ್ಕನನ್ನು ಜವಳಗೇರಾದ ಆಚೆ, ಕಾಲುವೆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಕೊಡುವಾಗ ಅದು ಜೋಳದ ಊರು, ನೋಡನೋಡುತ್ತ ಭತ್ತದ ಊರಾಯಿತು. ನಮ್ಮಲ್ಲಿ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಆದರೆ ಅಣ್ಣನೋ ತಮ್ಮನೋ ಹೋಗಿ ಬಾಗಿಲಲ್ಲಿ ನಿಂತು ಕರೆಯಬೇಕು. ಕರೆಯದೆ ಬಂದ ಮಗಳ ಬಗ್ಗೆ ಓಣಿಯಲ್ಲಿ ಎರಡೂ ಕಡೆ ಮಾತು ಏಳುತ್ತವೆ. ಜೋಳದ ಕಾಲದಲ್ಲಿ ಇದೇನು ದೊಡ್ಡ ವಿಷಯವಾಗಿರಲಿಲ್ಲ. ಶ್ರಾವಣದಲ್ಲಿ ಎರಿ ಹೊಲದವರಿಗೆ ಅಂಥ ಕೆಲಸವಿರುತ್ತಿರಲಿಲ್ಲ, ಸೊಸೆಯಂದಿರು ವಾರಗಟ್ಟಲೆ ತವರಲ್ಲಿ ಇದ್ದು ಹೋಗುತ್ತಿದ್ದರು. ಭತ್ತ ಬಂದ ಮೇಲೆ ಪಂಚಮಿಗೂ ನಾಟಿಗೂ ಜಗಳ ಹತ್ತಿತು, ಪ್ರತಿ ಸಲ ನಾಟಿಯೇ ಗೆದ್ದಿತು.

ಹೀಗೆ ಅಕ್ಕನಿಗೆ ಎರಡು ಪಂಚಮಿ ತಪ್ಪಿದ್ದವು. ಒಂದು ವರ್ಷ ಮಸ್ಕಿಯ ಹಳ್ಳ ತುಂಬಿ ನನ್ನ ಬಸ್ಸು ಈಚೆ ದಂಡೆಯಲ್ಲೇ ನಿಂತಿತು. ಇನ್ನೊಂದು ವರ್ಷ ಸಿಂಧನೂರಿನಿಂದ ಮುಂದೆ ಬಸ್ಸೇ ಸಿಗಲಿಲ್ಲ. ಎರಡು ಸಲವೂ ನಾನು ಮುಟ್ಟುವಷ್ಟರಲ್ಲಿ ಹಬ್ಬ ಮುಗಿದು, ಅಕ್ಕ ಗದ್ದೆಗೆ ಇಳಿದಾಗಿತ್ತು. ಮೂರನೆಯ ವರ್ಷ ಅಕ್ಕನ ಅತ್ತೆ, ನಮ್ಮ ಕಡೆ ಎತ್ತು ಕೊಳ್ಳಲು ಬಂದವರೊಬ್ಬರ ಕೈಲಿ ಮಾತು ಹೇಳಿ ಕಳಿಸಿದರು. "ಹಾಲೆರಿಯೋ ಹಿಂದಿನ ದಿನ ಹೊತ್ತು ಮುಣುಗೋದ್ರಾಗ ಬಾಗಲಿಗಿ ಬಂದ್ರ ಕಳಸ್ತೀನಿ. ಹಬ್ಬ ಮಾಡಿ ಮರುದಿನ ಮುಂಜಾನಿ ತಂದು ಬಿಡಬೇಕು. ತಡಾ ಆದ್ರ ಈ ವರ್ಷನೂ ಇಲ್ಲ. ನಾಟಿ ಯಾರಪ್ಪನ ಮಾತೂ ಕೇಳಂಗಿಲ್ಲ."

ಅವ್ವ ಇದನ್ನು ಕೇಳಿದವಳೇ ಅಟ್ಟ ಹತ್ತಿ, ಎರಡು ವರ್ಷದಿಂದ ಸುತ್ತಿಟ್ಟಿದ್ದ ಜೋಕಾಲಿ ಹಗ್ಗ ಇಳಿಸಿದಳು. ಒಂದು ತುದಿ ಕಾಲಲ್ಲಿ ಮೆಟ್ಟಿ ಇನ್ನೊಂದು ತುದಿ ಕೈಯಲ್ಲಿ ಜಗ್ಗಿ ನೋಡಿದಳು. "ಗಟ್ಟಿ ಐತಿ," ಅಂದಳು. ಅದನ್ನು ನೋಡಿದ ನಾನು, ಈ ಸಲ ಬಸ್ಸಿನ ಸಹವಾಸವೇ ಬೇಡ, ಫಟ್‌ಫಟಿ ತಗೊಂಡು ಬಾಗಿಲಿಗೇ ಹೋಗಿ ನಿಲ್ಲುತ್ತೇನೆ ಎಂದು ತೀರ್ಮಾನಿಸಿದೆ.

ಫಟ್‌ಫಟಿಯ ಟೈರುಗಳು ಮಾತ್ರ ನನ್ನ ಈಗಿನ ತಲೆಯ ಹಾಗೆ ಬೋಳಾಗಿದ್ದವು. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಎದುರಿನ ಟೈರಂಗಡಿಗೆ ಹೋದೆ. ಅಂಗಡಿಯವರು ನಶ್ಯ ಏರಿಸುವ ಆಸಾಮಿ, ಗಿರಾಕಿಗಿಂತ ಡಬ್ಬಿಯ ಕಡೆಗೇ ಹೆಚ್ಚು ಗಮನ. ಅವರಲ್ಲಿ ಎರಡು ನಮೂನೆ ಇದ್ದವು. ಒಂದು ಗೆರೆ ಟೈರು, ಸುತ್ತಲೂ ಉದ್ದುದ್ದ ಗೆರೆ, ಡಾಂಬರಿನ ಮೇಲೆ ಸಪ್ಪಳಿಲ್ಲದೆ ಓಡುತ್ತದೆ, ಬಹುದಿನ ಬಾಳುತ್ತದೆ. ಇನ್ನೊಂದು ಹಲ್ಲಿನ ಟೈರು, ಮೈತುಂಬ ಬೆಲ್ಲದ ಹೆಂಟೆಯಂಥ ಗಡ್ಡೆಗಳು. ಮಣ್ಣು ಕಚ್ಚಿ ಹಿಡಿಯುತ್ತದೆ, ಆದರೆ ಡಾಂಬರಿನ ಮೇಲೆ ಗೊರಗುಡುತ್ತದೆ, ಬೇಗ ಸವೆಯುತ್ತದೆ, ತೊಯ್ದ ರಸ್ತೆಯ ತಿರುವಿನಲ್ಲಿ ಜಾರುತ್ತದೆ.

"ಎಲ್ಲಿ ಓಡಸ್ತಿ?" ಎಂದು ಕೇಳಿದರು.

"ದಿನಾ ಹಟ್ಟಿಗಿ ಹೋಗ್ತೀನ್ರಿ."

"ಮತ್ತ ಗೆರಿದು ಹಾಕಿಸ್ಕೋ, ಮಾತು ಮುಗೀತು."

"ಒಂದಿನ ಎರಿ ಕೆಸರಾಗ ಹೋಗಬೇಕ್ರಿ."

"ವಾರಕ್ಕೊಂದಿನ?"

"ವರ್ಷಕ್ಕೊಂದಿನ."

ಅವರು ಡಬ್ಬಿ ಕೆಳಗಿಟ್ಟರು. "ವರ್ಷಕ್ಕೊಂದಿನ ಬೀಗರು ಬರ್ತಾರಂತ ದಿನಾ ಹೋಳಿಗಿ ಮಾಡ್ತಾರೇನು?"

ನನಗೆ ಸಿಟ್ಟು ಬಂತು. ಮಾತು ಸರಿಯಿದ್ದುದರಿಂದಲೇ ಹೆಚ್ಚು ಬಂತು. ಟೈರು ಕೊಳ್ಳದೆ ಮಸ್ಕಿಯ ಪಂಕ್ಚರ್ ಅಂಗಡಿಯವನ ಹತ್ತಿರ ಹೋದೆ. ಅವನು ಜಗತ್ತಿನ ಎಲ್ಲ ವಿಷಯಕ್ಕೂ ಅಭಿಪ್ರಾಯ ಇಟ್ಟುಕೊಂಡಿದ್ದ ಮನುಷ್ಯ. ಬೀಡಿ ಹಚ್ಚಿ, ಕಣ್ಣು ಕಿರಿದು ಮಾಡಿ ತೀರ್ಪು ಕೊಟ್ಟ. "ಮುಂದಿಂದು ದಾರಿ ಹಿಡೀತೈತಿ, ಹಿಂದಿಂದು ನೆಲ ಹಿಡೀತೈತಿ. ಮುಂದ ಗೆರಿ ಹಾಕು, ಹಿಂದ ಹಲ್ಲು ಹಾಕು. ಕೆಸರು ಬಂದಾಗ ಸ್ವಲ್ಪ ಗಾಳಿ ಇಳಸು. ಫಿಕರ್ ಬಿಡು."

ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಅದು ನಿಜವೋ ಸುಳ್ಳೋ ಎಂದು ಯೋಚಿಸುವ ಮನಸ್ಸೇ ಆಗಲಿಲ್ಲ. ಹಾಗೆಯೇ ಹಾಕಿಸಿದೆ. ಅವ್ವ ಫಟ್‌ಫಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎತ್ತು ಏರಿಗಿ ಎಳೀತಂತ, ಕ್ವಾಣ ನೀರಿಗಿ ಎಳೀತಂತ. ಒಂದ ಗಾಡಿಗಿ ಎರಡು ನಮೂನಿ ಗಾಲಿ ಯಾರರ ಹಾಕ್ತಾರೇನಲೇ?" ಅಂದಳು. ನಿನಗೆ ತಿಳಿಯುವುದಿಲ್ಲ ಸುಮ್ಮನಿರು ಎಂದೆ.

ಅಲ್ಲಿಂದ ಹಬ್ಬದವರೆಗೆ ಹಟ್ಟಿಯ ರಸ್ತೆಯಲ್ಲಿ ನಾನು ಅನುಭವಿಸಿದ ಅವಮಾನ ಅಷ್ಟಿಷ್ಟಲ್ಲ. ಹಿಂದಿನ ಟೈರು ಡಾಂಬರಿನ ಮೇಲೆ ಗೊರ್ ಎನ್ನುವ ಸಪ್ಪಳ ಅರ್ಧ ಮೈಲಿ ಕೇಳುತ್ತಿತ್ತು. ಗಣಿಯ ಗೇಟಿನವರು ನನ್ನನ್ನು ನೋಡುವ ಮೊದಲೇ, "ಹಿಟ್ಟಿನ ಗಿರಣಿ ಬಂತು, ದಾರಿ ಬಿಡ್ರಿ" ಎನ್ನುತ್ತಿದ್ದರು. ಒಬ್ಬನಂತೂ ಜೋಳದ ಚೀಲ ತಂದು ಸೀಟಿನ ಮೇಲಿಟ್ಟ. ಅವನ ಸಂಗಡ ನಾನು ಬಹಳ ದಿನ ಮಾತು ಬಿಟ್ಟಿದ್ದೆ.

ಹಬ್ಬದ ಹಿಂದಿನ ದಿನ ಮೊದಲ ಪಾಳಿ ಮುಗಿಸಿ ಸೀದಾ ಹೊರಟೆ. ಬೀಗರಿಗೆಂದು ಅವ್ವ ಕೊಟ್ಟಿದ್ದ ಶೇಂಗಾ ಉಂಡಿಯ ಗಂಟು ಹಿಂದೆ ಕಟ್ಟಿತ್ತು. ಮಸ್ಕಿಯ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟೇ ಇತ್ತು, ದಾಟಿದೆ. ಪಂಕ್ಚರ್ ಅಂಗಡಿಯವನು ಪಂಪು ಎತ್ತಿ ತೋರಿಸಿ ಗಾಳಿಯ ಬಗ್ಗೆ ಏನೋ ಕೂಗಿದ, ನಾನು ನಿಲ್ಲಲಿಲ್ಲ. ಸಿಂಧನೂರಿನ ಲಾರಿಗಳ ನಡುವೆ ನುಸುಳಿ ಜವಳಗೇರಾ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ಅಲ್ಲಿ ಡಾಂಬರು ಬಿಟ್ಟು ಕಾಲುವೆ ದಂಡೆಯ ಗರಸು ಹಾಸಿದ ಗಟ್ಟಿ ರಸ್ತೆ ಹತ್ತಿದೆ. ಏನು ಹೇಳಲಿ, ಫಟ್‌ಫಟಿ ಹಾಡಿಕೊಂಡು ಓಡಿತು. ಮುಂದಿನ ಗೆರೆ ದಾರಿ ಹಿಡಿಯಿತು, ಹಿಂದಿನ ಹಲ್ಲು ನೆಲ ಹಿಡಿಯಿತು. ಪಂಕ್ಚರ್ ಅಂಗಡಿಯವನಿಗೆ ಒಂದು ಮಾಲೆ ಹಾಕಬೇಕು ಅಂದುಕೊಂಡೆ.

ಕಾಲುವೆಯ ಮೇಲಿನ ಪೂಲು ದಾಟಿ ದಂಡೆ ಇಳಿದರೆ ಊರಿಗೆ ಎರಿ ದಾರಿ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರಿ ಮಣ್ಣು ಒಣಗಿದರೆ ಕಾಲು ಸೀಳುತ್ತದೆ, ತೊಯ್ದರೆ ಕಾಲು ಬಿಡುವುದಿಲ್ಲ. ಹಲ್ಲಿನ ಟೈರು ಕೊಟ್ಟ ಮಾತಿನಂತೆ ನಡೆದುಕೊಂಡಿತು. ಒಂದೊಂದು ಹಲ್ಲೂ ಒಂದೊಂದು ಮುದ್ದೆ ಮಣ್ಣು ಕಚ್ಚಿ, ಎತ್ತಿ, ಜೋಪಾನವಾಗಿ ಮಡ್‌ಗಾರ್ಡಿನ ಒಳಗೆ ತುಂಬಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಗಾರೆ ಹಾಕಿದಂತೆ ನಿಂತಿತು. ಇಳಿದು ಜಾಲಿಕಡ್ಡಿಯಿಂದ ಕೆದರಿದೆ, ಒಂದು ಮೊಳ ನೂಕಿದೆ, ಮತ್ತೆ ನಿಂತಿತು. ಎರಡು ಊರಿನ ಜನ ಟೈರಿನ ಬಗ್ಗೆ ನನಗೆ ಬುದ್ಧಿ ಹೇಳಿದ್ದರು, ಮಡ್‌ಗಾರ್ಡಿನ ಬಗ್ಗೆ ಒಬ್ಬನೂ ಚಕಾರ ಎತ್ತಿರಲಿಲ್ಲ.

ಊರು ಕಾಣುತ್ತಿತ್ತು. ಹೊತ್ತೂ ಕೆಳಗಿಳಿಯುವುದು ಕಾಣುತ್ತಿತ್ತು. ನಾನು ಟೈರನ್ನು ಬೈದೆ, ಪಂಕ್ಚರ್ ಅಂಗಡಿಯವನನ್ನು ಬೈದೆ, ಭತ್ತವನ್ನು ಬೈದೆ, ಪಂಚಮಿಯನ್ನು ತಂದು ಮಳೆಗಾಲದಲ್ಲಿಟ್ಟ ಹಿರಿಯರನ್ನೂ ಬೈದೆ. ಅಟ್ಟದಿಂದ ಇಳಿಸಿದ ಆ ಹಗ್ಗ ಮತ್ತೆ ಅಟ್ಟ ಸೇರುತ್ತದಲ್ಲ ಎಂದು ನೆನೆದು ಅಳು ಬಂತು. ಕೊನೆಗೆ ಫಟ್‌ಫಟಿಯನ್ನು ಅಲ್ಲೇ ಬಿಟ್ಟು ಓಡಿದರಾಯಿತು ಎಂದು ಹೊರಟರೆ ಎರಡೂ ಚಪ್ಪಲಿ ಕೆಸರಿನಲ್ಲಿ ಹೂತವು.

ಅಷ್ಟರಲ್ಲಿ ಪಕ್ಕದ ಗದ್ದೆಯಿಂದ ಹೆಂಗಸರ ನಗು ಕೇಳಿತು. ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದವರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತಳು. "ಯಾರಪಾ ಅದು, ಎಮ್ಮಿ ಬೈದಂಗ ಗಾಡಿ ಬೈಯಾಕತ್ತೀ?" ಎಂದವಳೇ ನನ್ನ ಗುರುತು ಹಿಡಿದು ಬಾಯಿಗೆ ಕೈ ಇಟ್ಟುಕೊಂಡಳು. ಕೈಯ ಕೆಸರು ಗಲ್ಲಕ್ಕೆ ಮೆತ್ತಿತು. ಅದು ಅಕ್ಕ. ಪಕ್ಕದಲ್ಲಿ ಸಸಿಯ ಸೂಡು ಹಿಡಿದು ನಿಂತವರು ಅವಳ ಅತ್ತೆ.

"ಹೊತ್ತು ಇನ್ನ ಮುಣುಗಿಲ್ಲ ಅತ್ತಿ," ಎಂದೆ ಏದುಸಿರು ಬಿಡುತ್ತ. "ನಾ ಓಡಿ ಹೋಗಿ ಬಾಗಲಿಗಿ ನಿಲ್ತೀನಿ."

ಅತ್ತೆ ಪಡುವಣದ ಕಡೆ ನೋಡಿದರು, ಹೂತ ಗಾಡಿಯ ಕಡೆ ನೋಡಿದರು, ನನ್ನ ಬರಿಗಾಲು ನೋಡಿದರು. "ಬಾಗಲಿಗಿ ಹೋಗಿ ಯಾರನ್ನ ಕರೀತಿ? ಮನ್ಯಾಗ ಬೆಕ್ಕು ಬಿಟ್ರ ಯಾರಿಲ್ಲ. ನಾಟಿ ಸುರು ಆದಾಗಿಂದ ಇದ ಬದುವ ನಮ್ಮ ಬಾಗಲು. ಕರಿ, ಜಲ್ದಿ."

ನಾನು ಬದುವಿನ ಮೇಲೆ ನಿಂತೆ. "ಅಕ್ಕಾ, ಪಂಚಮಿಗಿ ಕರಿಯಾಕ ಬಂದೀನಿ," ಎಂದು ಕೂಗಿ ಕರೆದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದ್ದರು. ಅತ್ತೆ ಉಂಡಿಯ ಗಂಟು ಬಿಚ್ಚಿ ಅಲ್ಲೇ ಎಲ್ಲರಿಗೂ ಹಂಚಿದರು.

ಅಕ್ಕ ಸೀರೆ ಬದಲಿಸಲು ಮನೆಗೆ ಓಡಿದಳು. ಆಗ ನಾನು ಫಿಟ್ಟರ್ ಎಂಬುದು ನನಗೆ ನೆನಪಾಯಿತು. ನಟ್ಟು ಬಿಚ್ಚುವ ಪಾನಾ ತೆಗೆದು ಹಿಂದಿನ ಮಡ್‌ಗಾರ್ಡನ್ನು ಪೂರಾ ಬಿಚ್ಚಿದೆ. ಅದನ್ನು ಅತ್ತೆಯ ವಶಕ್ಕೆ ಕೊಟ್ಟು, ಅಕ್ಕ ಬಂದ ಮೇಲೆ ಇಬ್ಬರೂ ಸೇರಿ ಗಾಡಿಯನ್ನು ದಂಡೆಯ ಕಡೆ ನೂಕಿದೆವು. ಅವಳು ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಹಿಂದಿನಿಂದ ನೂಕುತ್ತಿದ್ದಳು. ನನ್ನವಕ್ಕಿಂತ ಅವಳ ಕಾಲುಗಳೇ ಗಟ್ಟಿಯಾಗಿ ಊರುತ್ತಿದ್ದವು.

ದಂಡೆ ಹತ್ತಿ ನಿಂತಾಗ ಅವಳು ಟೈರಿನ ಹಲ್ಲು ಮುಟ್ಟಿ ನೋಡಿದಳು. "ಇದೇನೋ ತಮ್ಮಾ, ಹಿಂಗ ಅದಾವ?"

"ನಿನ್ನ ಸಲುವಾಗ ಹಾಕಿಸೀನಿ. ಕೆಸರಾಗ ನೀ ನಡೀಬಾರದಂತ."

ಅವಳು ನಕ್ಕಳು. "ಹುಚ್ಚಪ್ಪಾ, ಕೆಸರು ನನಗೇನು ಹೊಸಾದಾ? ಮುಂಜಾನಿಂದ ಸಂಜಿತನ ಅದರಾಗ ಇರ್ತೀನಿ. ನೀ ಡಾಂಬರಿ ತನಕ ಬಂದು ನಿಂತಿದ್ರ ಸಾಕಿತ್ತು." ನಾನು ಕಿಕ್ ಹೊಡೆದೆ.

ಮಡ್‌ಗಾರ್ಡ್ ಇಲ್ಲದ ಗಾಡಿ ಡಾಂಬರಿಗೆ ಬಂದದ್ದೇ ತಡ, ಹಿಂದಿನ ಹಲ್ಲುಗಳು ಕಚ್ಚಿಟ್ಟುಕೊಂಡಿದ್ದ ಎರಿಯನ್ನೆಲ್ಲ ನಮ್ಮ ಮೇಲೆ ಎಸೆಯತೊಡಗಿದವು. ಅಕ್ಕನ ಬೆನ್ನು, ತುರುಬು, ನನ್ನ ಕಿವಿ, ಎಲ್ಲ ಕಪ್ಪಾದವು. ಅವಳು ಸಿಂಧನೂರು ದಾಟುವ ತನಕ ನಕ್ಕಳು, ಮಸ್ಕಿಯಲ್ಲಿ ಚಹಾ ಕುಡಿಯುವಾಗ ನನ್ನ ಮುಖ ನೋಡಿ ಮತ್ತೆ ನಕ್ಕಳು.

ಲಿಂಗಸುಗೂರಿನ ನಮ್ಮ ಓಣಿಯ ತಿರುವಿನಲ್ಲೇ ಅವ್ವ ಕಂದೀಲು ಹಿಡಿದು ನಿಂತಿದ್ದಳು. ದಿನಾ ಶಾಪ ಹಾಕುತ್ತಿದ್ದ ಆ ಗಿರಣಿ ಸಪ್ಪಳಕ್ಕೆ ಅಂದು ಸಂಜೆಯಿಂದ ಕಿವಿಗೊಟ್ಟು ಕೂತಿದ್ದಳಂತೆ. ಒಳಗೆ ಪಡಸಾಲೆಯ ತೊಲೆಗೆ ಜೋಕಾಲಿ ಆಗಲೇ ಕಟ್ಟಿಯಾಗಿತ್ತು. ಅಕ್ಕ ಕಾಲು ಕೂಡ ತೊಳೆಯದೆ ಹೋಗಿ ಅದರ ಮೇಲೆ ಕೂತಳು. ಅವ್ವ ಬೈಯಲಿಲ್ಲ, ಬಂದು ಮೆಲ್ಲಗೆ ತೂಗಿದಳು. ಒಣಗಿದ ಎರಿ ಅಕ್ಕನ ಕಾಲಿನಿಂದ ಚೂರುಚೂರಾಗಿ ನೆಲಕ್ಕೆ ಉದುರುತ್ತಿತ್ತು.

ಹಬ್ಬ ಮಾಡಿ, ಹೇಳಿದ ಮಾತಿನಂತೆ ಮರುದಿನ ಮುಂಜಾನೆ ಬಿಟ್ಟು ಬಂದೆ. ಗಾಡಿಯನ್ನು ಕಾಲುವೆ ದಂಡೆಯಲ್ಲೇ ನಿಲ್ಲಿಸಿ ಇಬ್ಬರೂ ನಡೆದೇ ಗದ್ದೆಗೆ ಹೋದೆವು. ಅತ್ತೆ ಮಡ್‌ಗಾರ್ಡನ್ನು ತೊಳೆದು ಇಟ್ಟಿದ್ದರು. "ಮುಂದಿನ ವರ್ಷ ಡಾಂಬರಿ ಮ್ಯಾಲ ನಿಂತು ಖಬರ್ ಕಳಸು, ನಾನ ಕಳಿಸಿ ಕೊಡ್ತೀನಿ. ಅದೂ ಬಾಗಲ ಅನ್ಕೋ," ಅಂದರು. ಮನೆಗೆ ಬಂದರೆ ಜೋಕಾಲಿಯ ಕೆಳಗಿನ ಮಣ್ಣು ಹಾಗೇ ಇತ್ತು. ಕಸಬರಿಗೆ ಎತ್ತಿಕೊಂಡ ನನ್ನನ್ನು ಅವ್ವ ತಡೆದಳು. "ಇರಲಿ ಬಿಡು ಇನ್ನೆರಡು ದಿನ," ಅಂದಳು.

ಹಲ್ಲಿನ ಟೈರು ಡಾಂಬರಿನ ಮೇಲೆ ವರ್ಷವೂ ಬಾಳಲಿಲ್ಲ. ಮತ್ತೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿ, ಹಿಂದಕ್ಕೂ ಗೆರೆ ಟೈರು ಕೊಡಿ ಎಂದೆ.

"ಯಾಕ, ವರ್ಷಕ್ಕೊಂದಿನ ಕೆಸರಾಗ ಹೋಗಬೇಕಲ್ಲ?" ಎಂದರು ಅಂಗಡಿಯವರು, ನಶ್ಯದ ಡಬ್ಬಿ ಬಡಿಯುತ್ತ.

"ಅಷ್ಟು ದಾರಿ ನಮ್ಮಕ್ಕ ನಡಕೊಂತ ಬರ್ತಾಳ್ರಿ," ಎಂದೆ.