ನನ್ನ ಕಾಲಿನ ಅಳತೆ

"ಅಕ್ಕ, ನಿಮ್ಮ ಕಾಲು ಎಷ್ಟು ಎತ್ತರಕ್ಕೆ ಏರ್ತದೆ?"

ಮುಳ್ಳೇರಿಯದ ವೆಲ್ಡಿಂಗ್ ಅಂಗಡಿಯವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಮೈದುನ ಗೋಪಾಲ. ಯಜಮಾನರು ತೀರಿಕೊಂಡ ಮೇಲೆ, ಗೊಬ್ಬರ ಸಾಗಿಸುವ ನಮ್ಮ ಸಣ್ಣ ಟ್ರ್ಯಾಕ್ಟರನ್ನು ಓಡಿಸುವವಳು ನಾನು. ಗಂಟುನೋವು ಶುರುವಾದಂದಿನಿಂದ ಹತ್ತಲು, ಇಳಿಯಲು ಪ್ರತಿಸಲ ಯಾರಾದರೂ ಕೈಹಿಡಿಯಬೇಕಿತ್ತು. ಅದು ತಪ್ಪಲಿ ಎಂದೇ ಟ್ರ್ಯಾಕ್ಟರಿಗೆ ಮೆಟ್ಟಿಲು ಹಾಕಿಸಲು ಹೋಗಿದ್ದೆವು.

"ಇಷ್ಟಿದ್ರೆ ಧಾರಾಳ ಸಾಕು," ಎಂದು ಗೋಪಾಲ ಮುಂಡು ಎತ್ತಿಕಟ್ಟಿ ತನ್ನ ಉದ್ದದ ಕಾಲನ್ನು ಎತ್ತಿ ತೋರಿಸಿದ. ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ ಇಬ್ಬರು ಗಂಡಸರೂ ಎದ್ದು, ಮುಂಡು ತೊಡೆಯವರೆಗೆ ಮಡಚಿ, ತಮ್ಮ ತಮ್ಮ ಅಳತೆ ಕೊಟ್ಟರು. ಮೂರು ಕಾಲುಗಳ ಬಗ್ಗೆ ಗಂಭೀರ ಚರ್ಚೆ ನಡೆಯಿತು. ಅಪರಿಚಿತರ ಎದುರು ನನಗೆ ಮಾತೇ ಹೊರಡುವುದಿಲ್ಲ. ಕೊನೆಗೆ ಗೋಪಾಲನ ಮೊಣಕಾಲಿನ ಎತ್ತರಕ್ಕೆ ಟ್ರ್ಯಾಕ್ಟರಿನ ಮೇಲೆ ಸೀಮೆಸುಣ್ಣದ ಗೆರೆ ಬಿತ್ತು.

"ಅಷ್ಟು ಎತ್ತರ ನನಗೆ ಆಗುದಿಲ್ಲ ಗೋಪಾಲ," ಎಂದೆ ಮೆಲ್ಲಗೆ.

"ಅಭ್ಯಾಸ ಆದ್ರೆ ಸರಿಯಾಗ್ತದೆ ಅತ್ತಿಗೆ."

"ಟ್ರ್ಯಾಕ್ಟರ್ ಬಿಡುದು ನೀನಾ, ನಾನಾ?"

ಸೀರೆಯ ಅಂಚನ್ನು ನಾಲ್ಕು ಬೆರಳಿನಷ್ಟು ಎತ್ತಿ, ನೋಯುವ ಕಾಲನ್ನು ಏರುವಷ್ಟೇ ಏರಿಸಿ ನಿಂತೆ. ಅದುವರೆಗೆ ತೊಡೆ ತೋರಿಸುತ್ತಿದ್ದ ಮೂವರೂ ನನ್ನ ಹಿಮ್ಮಡಿ ಕಂಡದ್ದೇ ನಾಚಿ, ಬಸ್ಸು ಬಂತೋ ಎಂಬಂತೆ ರಸ್ತೆಯತ್ತ ತಿರುಗಿದರು. ಅಂಗಡಿಯವರು ಮಾತ್ರ ಗೆರೆ ಅಳಿಸಿ, ಕೆಳಗೆ ಇನ್ನೊಂದು ಎಳೆದರು.

ಈಗ ಒಬ್ಬಳೇ ಹತ್ತಿ ಒಬ್ಬಳೇ ಇಳಿಯುತ್ತೇನೆ. ಮೊಮ್ಮಕ್ಕಳೇ, ಕೇಳಿದ್ದು ನಿಮ್ಮನ್ನಾದರೆ ಉತ್ತರವನ್ನೂ ನೀವೇ ಕೊಡಿ. ನಾನು ಅದನ್ನು ಕಲಿತದ್ದು ಅರುವತ್ತೆರಡನೇ ವಯಸ್ಸಿನಲ್ಲಿ, ಒಂಟಿಕಾಲಿನಲ್ಲಿ ನಿಂತು.