ನೆರಳಲ್ಲೇ ಬೆಳೆಯುವ ಮರ

ನಮ್ಮ ಶಹಾಬಾದಿನಲ್ಲಿ ನೆರಳೆಂದರೆ ಬಹುಮಟ್ಟಿಗೆ ಗೋಡೆಯ ನೆರಳೇ. ನೆಲಕ್ಕೆ ಫರಸಿ, ಕಟ್ಟೆಗೆ ಫರಸಿ, ಕೆಲವು ಮಾಳಿಗೆಗಳಿಗೂ ಫರಸಿಕಲ್ಲು ಹೊದಿಸಿದ ಈ ಊರಿನಲ್ಲಿ ನಾವು ಮರ ಹುಡುಕುವುದು ವಾಹನ ನಿಲ್ಲಿಸಲಿಕ್ಕೆ ಮಾತ್ರ. ಆದರೂ ನಾನು ಕನ್ನಡದ ಟೀಚರಾಗಿ, ಹಳೆಯ ಕಾವ್ಯಗಳ ವನವರ್ಣನೆಯನ್ನು ರಾಗವಾಗಿ ಓದಿ, ಕಂಡೇ ಇರದ ಮರಗಳ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ವನಸ್ಪತಿಗಳ ವಿಷಯದಲ್ಲಿ ನನ್ನದು ಶುದ್ಧ ಶಬ್ದಸಂಪತ್ತು, ಬೇರಿಲ್ಲ, ತೊಗಟೆಯಿಲ್ಲ.

ಇಂಥವಳ ಮೈಯೊಳಗೆ ಕಳೆದ ವರ್ಷ ಒಂದು ಮರವೇ ಹನಿಹನಿಯಾಗಿ ಇಳಿಯಿತು. ಸ್ತನದಲ್ಲಿ ಗಂಟು ಕಾಣಿಸಿ, ಶಸ್ತ್ರಚಿಕಿತ್ಸೆ ಮುಗಿದು, ಕಲಬುರಗಿಯ ಆಸ್ಪತ್ರೆಯಲ್ಲಿ ಪ್ರತಿ ವಾರ ಕೀಮೋ ಬಾಟಲಿಯ ಕೆಳಗೆ ಮಲಗುವ ಪಾಳಿ ಬಂದಿತ್ತು. ಜೊತೆಗೆ ಬರುತ್ತಿದ್ದವರು ಹಮೀದಾ ಆಪಾ: ನಮ್ಮ ಶಾಲೆಯಲ್ಲೇ ವಿಜ್ಞಾನ ಕಲಿಸಿದವರು, ಮಗ್ಗುಲ ಮನೆಯವರು, ನನ್ನ ಉಪಮೆಗಳನ್ನೆಲ್ಲ ಸಂಶಯದಿಂದ ನೋಡುವವರು.

"ಈ ಔಷಧ ಮೊದಲ ಒಂದು ಗಿಡದ ತೊಗಟ್ಯಾಗ ಸಿಕ್ಕಿತ್ತು, ಅಕ್ಕಾ," ಎಂದರು ಒಂದು ಮಧ್ಯಾಹ್ನ, ಹನಿಯನ್ನೇ ನೋಡುತ್ತ.

"ಎಲ್ಲಿ ಬೆಳೀತದ ಅದು?"

ಅಮೆರಿಕದ ಪಡುವಣ ಕರಾವಳಿಯ ಕಾಡಿನಲ್ಲಿ, ಎಂದರು. ಅದರ ದಾಯಾದಿಯೊಂದು ನಮ್ಮ ಹಿಮಾಲಯದಲ್ಲೂ ಇದೆಯಂತೆ. ತಾಲೀಸಪತ್ರವೆಂದು ಕೆಲವರು ಕರೆಯುವುದು ಅದನ್ನೇ. ದೇವದಾರುವಿನ ದೂರದ ನಂಟಸ್ತಿಕೆ, ಸೂಜಿಯಂಥ ಎಲೆ. ಆದರೆ ಆಕಾಶಕ್ಕೆ ಏರುವ ಹಟವಿಲ್ಲ. ದೊಡ್ಡ ಮರಗಳ ಅಡಿಯಲ್ಲಿ, ಹಾವಸೆ ಹಿಡಿದ ತೇವದ ಕಣಿವೆಗಳಲ್ಲಿ, ಸೋಸಿ ಬಂದ ಬೆಳಕೇ ಸಾಕೆಂದು ನಿಧಾನವಾಗಿ, ಅತಿ ನಿಧಾನವಾಗಿ ಬೆಳೆಯುತ್ತದೆ. ಕೆಂಪು ಬಟ್ಟಲಿನಂಥ ತಿರುಳು, ಅದರೊಳಗೆ ವಿಷದ ಬೀಜ. ತೊಗಟೆ ಸುಲಿದು ಸುಲಿದು ಆ ಮರಗಳೇ ವಿರಳವಾದವು. ಈಗ ಬೆಳೆಸಿದ ಗಿಡಗಳ ಎಲೆಯಿಂದಲೂ ಔಷಧ ತೆಗೆಯುತ್ತಾರೆ ಎಂದಾಗ ನನಗೆ ಸ್ವಲ್ಪ ಹಗುರೆನಿಸಿತು.

ಅಂದಿನಿಂದ ಸೂಜಿ ಚುಚ್ಚಿದೊಡನೆ ಕಣ್ಣು ಮುಚ್ಚುತ್ತಿದ್ದೆ. ವಾರ್ಡಿನ ಗದ್ದಲ ದೂರವಾಗಿ, ಮಂಜು ಕವಿದ ಇಳಿಜಾರು ತೆರೆದುಕೊಳ್ಳುತ್ತಿತ್ತು. ಮೇಲೆಲ್ಲೋ ಗಾಳಿ, ಕೆಳಗೆ ಒಂದು ಎಲೆಯೂ ಅಲುಗದ ಹಸಿರುಗತ್ತಲು. ಅದರಲ್ಲಿ ನಾನು ಬರಿಗಾಲಲ್ಲಿ ನಡೆಯುತ್ತಿದ್ದೆ.

ನಿಜದಲ್ಲಿ ಮಾತ್ರ ಬರಿಗಾಲು ನನಗೆ ಎರವಾಗಿತ್ತು. ಆ ಔಷಧದಿಂದ ಬೆರಳುಗಳು, ಅಂಗಾಲುಗಳು ಜೋಮು ಹಿಡಿದು, ಚಪ್ಪಲಿ ಕಳಚಿದರೂ ತಿಳಿಯುತ್ತಿರಲಿಲ್ಲ. ಒಂದು ದಿನ ಆಪಾಗೆ ಹೇಳಿಯೇಬಿಟ್ಟೆ: "ಸಾಕಾಗ್ಯದ. ಇನ್ನ ನಾ ಬರಂಗಿಲ್ಲ."

ಅವರು ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿ, "ಕುಂದ್ರಿ. ಕಾಡು ನೋಡಿ ಬರೋಣ," ಎಂದರು. ನಿವೃತ್ತಿಯ ಬಳಿಕ ಕಾರು ಕಲಿತವರು. ಅವರ ಚಾಲನೆಗೆ ಹೋಲಿಸಿದರೆ ಔಷಧವೇ ಸೌಮ್ಯ.

ಚಿಂಚೋಳಿ ದಾಟಿ ಕಾಡಿನಂಚಿನಲ್ಲಿ ಇಳಿದೆವು. ತೇಗ, ಬಿದಿರು, ನೆಲದ ತುಂಬ ತರಗೆಲೆ. ಚಪ್ಪಲಿ ಬಿಟ್ಟು ನಿಂತೆ. ಎಲೆ ಮುರಿಯುವ ಸದ್ದು ಕಿವಿಗೆ ಬಂತು; ಕಾಲಿಗೆ ಏನೂ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಆಪಾ ನೋಡಿದರು.

"ಇಲ್ಲಿ ಆ ಗಿಡ ಇರ್ತದೇನು, ಆಪಾ?"

"ಇಲ್ಲ. ಈ ಬಿಸಿಲಿಗೆ ಅದು ಬದುಕಂಗಿಲ್ಲ." ನನ್ನನ್ನು ಬಿದಿರ ಬುಡದಲ್ಲಿ ಕೂರಿಸಿ, ಪಕ್ಕದಲ್ಲೇ ಕುಳಿತು ಕೇಳಿದರು: "ಕಾಲು ಜೋಮು ಹಿಡದದ್ದು ಡಾಕ್ಟರಿಗೆ ಹೇಳೀರೇನು?"

"ಇಲ್ಲ."

"ಯಾಕ?"

"ಎಲ್ಲಾರೂ ಸಹಿಸ್ಲಿಕತ್ತಾರ. ನಾ ಒಬ್ಬಾಕಿ ಹ್ಯಾಂಗ ಅಳಲಿ?"

ಆಪಾ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ನೀವು ಹೋದ್ರ ನಾ ಯಾರ ಜೋಡಿ ಜಗಳಾಡ್ಲಿ, ಅಕ್ಕಾ? ಮನ್ಯಾಗ ಎಲ್ಲಾರೂ ನಂದಕ್ಕ ಹೂಂ ಅಂತಾರ."

ಬಿದಿರ ಸಂದಿನಿಂದ ಬೆಳಕು ನಾಣ್ಯಗಳಂತೆ ನಮ್ಮ ಸೀರೆಗಳ ಮೇಲೆ ಬೀಳುತ್ತಿತ್ತು. ಅಲ್ಲಿ ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಎತ್ತರಕ್ಕೆ ಏರದೆ, ಬಿಸಿಲಿಗೆ ಹಾತೊರೆಯದೆ, ಇನ್ನೊಬ್ಬರ ನೆರಳಲ್ಲಿ ಸುಮ್ಮನಿರುವುದೂ ಬದುಕುವ ಒಂದು ಬಗೆ ಎಂದು ನನಗೆ ತಿಳಿಯಲು ಅಷ್ಟು ವಯಸ್ಸು ಬೇಕಾಯಿತು.

ಡಾಕ್ಟರು ಔಷಧದ ಪ್ರಮಾಣ ತಗ್ಗಿಸಿದ್ದು, ಚಿಕಿತ್ಸೆ ಮುಗಿದದ್ದು, ತಲೆಯ ಮೇಲೆ ಬೆಳ್ಳಗೆ ಮೆತ್ತಗೆ ಕೂದಲು ಚಿಗುರಿದ್ದು, ಅಂಗಾಲಿಗೆ ಅರಿವು ಸ್ವಲ್ಪಸ್ವಲ್ಪವೇ ಮರಳುತ್ತಿರುವುದು ಎಲ್ಲ ಆಮೇಲಿನ ಮಾತು. ಆ ದಿನ ಮರಳುವ ದಾರಿಯಲ್ಲಿ ನಾನೇ ಕೇಳಿದೆ:

"ಸೋಮವಾರ ದವಾಖಾನಿಗೆ ಬುತ್ತಿ ಏನ್ ಕಟ್ತೀರಿ, ಆಪಾ?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಪುಂಡಿಪಲ್ಯ. ಖಾರ ಇಲ್ದದ್ದು."

"ಖಾರ ಇಲ್ದದ್ದೂ ಒಂದು ಪುಂಡಿಪಲ್ಯೇನ್ರಿ?"

"ಮೊದಲ ಬಂದು ಉಣ್ರಿ," ಎಂದರು. "ಆಮ್ಯಾಲ ಬೈರಿ."